ಉಡ್ಯಾಗ ಹಾಕಿದ ಹೊಲ

ಅಜ್ಜನ ತಾಟಿನ್ಯಾಗ ಉಂಡು ಬೆಳದಾಕಿ ನಾನು. ಡಂಬಳದ ನಮ್ಮ ಮನ್ಯಾಗ ಮೊದ್ಲ ಗಂಡಸರ ಊಟ, ಆಮ್ಯಾಲೆ ಹುಡುಗರದು, ಕಡೀಕ ಹೆಣ್ಮಕ್ಕಳು ಒಲಿ ಮುಂದ ಕುಂತು ಉಳಿದದ್ದನ್ನ ಹಂಚ್ಕೊಂಡು ಉಣ್ಣೋದು. ಯಾರೂ ಬಾಯಿ ಬಿಟ್ಟು ಹೇಳಿದ ಕಾಯ್ದೆ ಅಲ್ಲ ಇದು, ಆದ್ರ ಯಾರೂ ಮುರೀತಿರಲಿಲ್ಲ. ನನಗೊಬ್ಬಾಕಿಗೆ ಮಾತ್ರ ಅದು ಲಾಗೂ ಇರಲಿಲ್ಲ. ಅಜ್ಜ ಪಡಸಾಲ್ಯಾಗ ಗ್ವಾಡಿಗೆ ಬೆನ್ನ ಹಚ್ಚಿ ಕುಂತು, ತಾಟಿಗೆ ಮೊದಲನೇ ರೊಟ್ಟಿ ಬಿದ್ದ ಕೂಡ್ಲೆ "ಎಲ್ಲಿ ಹೋತು ನನ್ನ ಗುಬ್ಬಿ?" ಅಂತ ಒದರತಿದ್ದ. ನಾ ಎಲ್ಲಿದ್ರೂ ಓಡಿ ಬಂದು ಅವನ ತೊಡಿಗೆ ಆನ್ಕೊಂಡು ಕುಂಡ್ರಾಕಿ. ರೊಟ್ಟಿ ನಡುವಿನ ಮೆತ್ತನ ತುಣುಕು ನನಗ, ಗಟ್ಟಿ ಅಂಚು ಅವಗ. ಪುಂಡಿಪಲ್ಯಾ ಖಾರ ಇದ್ರ ತಾನ ಮೊದ್ಲ ನಾಲಿಗಿಗೆ ಹಚ್ಚಿ ನೋಡಿ, ಅದಕ್ಕೊಂದಿಷ್ಟು ಮೊಸರ ಕಲಿಸಿ ನನ್ನ ಬಾಯಿಗೆ ಇಡತಿದ್ದ. ದೊಡ್ಡಪ್ಪನ ಗಂಡುಹುಡುಗರಿಬ್ಬರೂ ಕಂಬದ ಮರಿಗೆ ನಿಂತು ನನ್ನ ಕಡೆ ನೋಡಿ ಹಲ್ಲ ಕಡಿಯೋರು. ನನಗದು ಬಾಳ ಖುಷಿ ಕೊಡತಿತ್ತು. ಜಗತ್ತಿನ್ಯಾಗ ನನ್ನ ಕೈ ಬಿಡದವ ಒಬ್ಬ ಇದ್ರ ಅವ ನಮ್ಮಜ್ಜ ಅಂತ ನಾ ನಂಬಿದ್ದೆ. 

ಮನಿ ಹೆಂಗಿತ್ತಂದ್ರ, ಬಾಗಲಾ ದಾಟಿದ ಕೂಡ್ಲೆ ದನದ ಅಂಕಣ. ಎತ್ತು, ಆಕಳಾ, ಎಮ್ಮಿ, ಅವುಗಳ ಗಂಜಲದ ವಾಸನಿ. ಅವುಗಳ ಮಗ್ಗಲ ಹಾಯ್ದು ಮ್ಯಾಲೇರಿದ್ರ ಪಡಸಾಲಿ. ಪಡಸಾಲಿ ಅಜ್ಜನ ದರಬಾರ. ಅದರ ಹಿಂದ ನಡುಮನಿ, ಅಲ್ಲಿ ಜ್ವಾಳದ ಚೀಲ, ಕಡ್ಲಿ ಚೀಲ, ದೇವರ ಮಾಡ. ಅದರ ಹಿಂದ ಅಡಗಿಮನಿ. ಅಲ್ಲಿ ಹಗಲಹೊತ್ತಿನ್ಯಾಗೂ ಮಬ್ಬಗತ್ತಲಿ, ಮಾಳಗಿಯ ಬೆಳಕಿಂಡಿಯಿಂದ ಬೀಳೋ ಬೆಳಕಿನ್ಯಾಗ ಹೊಗಿ ಸುತ್ತಿ ಸುತ್ತಿ ಏಳತಿತ್ತು. ಆ ಅಡಗಿಮನ್ಯಾಗ ಇಬ್ಬರು ಸೊಸ್ತ್ಯಾರು. ದೊಡ್ಡವ್ವ ಶಿರಹಟ್ಟಿಯ ದೊಡ್ಡ ಮನಿತನದಾಕಿ, ಮಾತಿಗೊಮ್ಮೆ "ನಮ್ಮ ತವರಮನ್ಯಾಗ ಹಿಂಗಿಲ್ಲವಾ" ಅನ್ನಾಕಿ. ನಮ್ಮವ್ವ ಗಂಗವ್ವ, ಕೊರ್ಲಹಳ್ಳಿಯಾಕಿ, ತುಂಗಭದ್ರಾ ದಂಡಿಯಾಗ ಹುಟ್ಟಿ ಬೆಳದಾಕಿ. ರೊಟ್ಟಿ ಬಡಿಯೋದು ಅವ್ವನ ಪಾಲು, ಬಡಿಸೋದು ದೊಡ್ಡವ್ವನ ಪಾಲು. ಹಿಂಗಾಗಿ ಚಲೋ ಅಡಗಿಗೆ ಹೆಸರು ಯಾರಿಗೆ ಬರತಿತ್ತು ಅಂತ ನೀವ ತಿಳ್ಕೋರಿ. ನಮ್ಮಪ್ಪ ಗದಗದಾಗ ಒಂದು ಪ್ರೆಸ್ಸಿನ್ಯಾಗ ಅಚ್ಚಿನ ಮೊಳಿ ಜೋಡಸೋ ಕೆಲಸಕ್ಕಿದ್ದ. ಶನಿವಾರ ಸಂಜಿ ಬಸ್ಸಿಗೆ ಬರಾಂವ, ಸೋಮವಾರ ಮುಂಜಾನೆ ಹೋಗಾಂವ. ಬಂದ್ರೂ ಮಾತಿಲ್ಲ. ಉಗುರಸಂದಿಯೊಳಗಿನ ಶಾಯಿ ಕೆರಕೋತ ಕಟ್ಟಿ ಮ್ಯಾಲೆ ಕುಂಡ್ರಾಂವ. ಅವ್ವನ ಪರವಾಗಿ ಒಂದು ಮಾತು ಆಡೋರು ಆ ಮನ್ಯಾಗ ಯಾರೂ ಇರಲಿಲ್ಲ, ಅಜ್ಜನ್ನ ಬಿಟ್ರ.

ಹೌದು, ಅಜ್ಜ ಅವ್ವನ ಪರ ಇದ್ದ. ಇದನ್ನ ನಾ ಮುಚ್ಚಿಟ್ರ ಅನ್ಯಾಯ ಆಕ್ಕೈತಿ. ದೊಡ್ಡವ್ವ ಅವ್ವಗ "ಹೊಳಿ ದಂಡಿಯಾಕಿ, ಒಂದ ಕೊಡದ ಕೆಲಸಕ್ಕ ಎರಡ ಕೊಡ ನೀರ ಚೆಲ್ತಾಳ" ಅಂತ ಚುಚ್ಚಿದ್ರ, ಅಜ್ಜ ಪಡಸಾಲಿಯಿಂದನ "ನೀರಿನ ಬೆಲಿ ಅಕಿಗೆ ಗೊತ್ತೈತಿ, ನಿನಗೇನ ಗೊತ್ತೈತಿ ಬಿಡವಾ" ಅಂತಿದ್ದ. ಖರೇನ ಅವ್ವಗ ನೀರ ಕಂಡ್ರ ಒಂದ ನಮೂನಿ ಜೀವ. ದಪ್ಪ ಮಳಿ ಬಂದಾಗ ಹಳ್ಳದ ದಂಡಿಗಿದ್ದ ನಮ್ಮ ದಂಡಿ ಹೊಲದಿಂದ ರಾಡಿ ನೀರು ಭರ್ರಂತ ಹಳ್ಳಕ್ಕ ಇಳಿಯೋದನ್ನ ನೋಡಿ, ಮದವಿಯಾಗಿ ಬಂದ ಹೊಸದ್ರಾಗ ಅಕಿ ಅತ್ತಿದ್ಲಂತ. ಊರ ತುಂಬ ಆ ಮಾತು ಹಬ್ಬಿ, "ಡಂಬಳದಾಗ ಮಳಿ ಬಂದ್ರ ಗಂಗವ್ವ ಅಳ್ತಾಳ" ಅಂತ ಬಾಳ ದಿನ ನಕ್ಕಿದ್ರಂತ.

ಆ ದಂಡಿ ಹೊಲ ನಮ್ಮ ಎಲ್ಲಾ ಹೊಲದಾಗ ಕೆಟ್ಟದ್ದು. ಇಳಿಜಾರು. ಮ್ಯಾಲಿನ ಎರಿಮಣ್ಣೆಲ್ಲಾ ಹಳ್ಳಕ್ಕ ಹೋಗಿ ಕೆಳಗಿನ ಬಿಳಿ ಸುಣ್ಣಗಲ್ಲು ಹಲ್ಲ ಕಿಸಿದಂಗ ಕಾಣತಿತ್ತು. ಬಿತ್ತಿದ ಜ್ವಾಳ ಮೊಳಕಾಲಿನ ಮಟ ಬೆಳದು, ಕೈಬೆರಳಿನಷ್ಟು ತೆನಿ ಹಿಡದು ಒಣಗತಿತ್ತು. ದೊಡ್ಡಪ್ಪ ಅದರ ಕಡೆ ಹೋಗೋದನ್ನ ಬಿಟ್ಟಿದ್ದ. ಅಂಥಾ ಹೊಲ ಹುಡುಕ್ಕೊಂಡ ನಮ್ಮ ಮನಿಗೆ ಒಬ್ಬರು ಬಂದ್ರು. ಕೃಷಿ ಸಂಶೋಧನಾ ಕೇಂದ್ರದವರು, ವಯಸ್ಸಿನ್ಯಾಗ ಅವ್ವಕ್ಕಿಂತ ಒಂದೆರಡು ವರ್ಷ ಸಣ್ಣೋರು. ಹೊಲಕ್ಕ ಹೋದ ಕೂಡ್ಲೆ ಮಣ್ಣ ತಗೊಂಡು, ಉಗುಳ ಹಚ್ಚಿ, ಅಂಗೈಯಾಗ ಬತ್ತಿ ಹೊಸದು ನೋಡೋರು. ಅದಕ್ಕ ಊರೋರು ಅವರಿಗೆ ಮಣ್ಣಿನ ಸರ್ ಅಂತ ಹೆಸರಿಟ್ರು. ಮೈಸೂರು ಕಡೆ ಮಾತು ಅವರದು. ಅವರು "ಜೋಳ" ಅಂದ್ರ ನಾವು ಹುಡುಗರು ಬಾಯಿ ಮುಚ್ಕೊಂಡು ನಗತಿದ್ವಿ.

"ಯಜಮಾನ್ರೇ, ನಿಮ್ಮ ಹತ್ರ ಇರೋದ್ರಲ್ಲಿ ಅತೀ ಕೆಟ್ಟ ಹೊಲ ಯಾವುದು? ಅದನ್ನ ನನಗೆ ಕೊಡಿ," ಅಂದ್ರು ಅವರು ಪಡಸಾಲ್ಯಾಗ ಕುಂತು.

ಅಜ್ಜ ಹೊಟ್ಟಿ ಹಿಡ್ಕೊಂಡು ನಕ್ಕ.

"ಎಲ್ಲಾರೂ ಚಲೋ ಹೊಲ ಕೇಳ್ತಾರ, ನೀವೇನ್ರಿ ಸಾಹೇಬ್ರ, ಕೆಟ್ಟದ್ದ ಕೇಳಾಕ ಬಂದೀರಿ?"

"ಕೊಡೋದು ಬೇಡ, ಮೂರ್ನಾಲ್ಕು ವರ್ಷ ನಾನು ಹೇಳಿದ ಹಾಗೆ ಮಾಡಿ ಸಾಕು. ಬೆಳೆ ನಿಮ್ಮದೇ. ನಿಮ್ಮ ಮನೇಲಿ ಒಬ್ಬರು ಮನಸ್ಸಿಟ್ಟು ದುಡಿಯೋರು ಬೇಕು."

ದೊಡ್ಡಪ್ಪ ತಟ್ಟನ ಎದ್ದು, ತನಗ ಪುರಸೊತ್ತಿಲ್ಲ, ಇಂಥಾ ಸರಕಾರಿ ಆಟಕ್ಕ ಎತ್ತ ಕೊಡಾಂವ ಅಲ್ಲ ಅಂತ ಹೇಳಿ ಹೊರಗ ಹೋದ. ಆವಾಗ ನಡುಮನಿ ಬಾಗಲದಿಂದ ಅವ್ವನ ದನಿ ಬಂತು. "ಮಾವಾರ, ನಾ ಮಾಡತೀನ್ರಿ." ಸೊಸಿ ಪಡಸಾಲ್ಯಾಗ ಕುಂತ ಪರಊರವರ ಮುಂದ ಬಾಯಿ ತೆಗದಿದ್ದು ಅದ ಮೊದ್ಲ. ಅಜ್ಜಗ ಸಿಟ್ಟ ಬರಲಿಲ್ಲ. ಮೀಸಿ ಮ್ಯಾಲೆ ಕೈ ಆಡಿಸಿ ನಕ್ಕ.

ಮರುದಿನ ಮುಂಜಾನೆ ಎಲ್ಲಾರೂ ದಂಡಿ ಹೊಲಕ್ಕ ಹೋದ್ವಿ. ಅಜ್ಜ, ಅವ್ವ, ಸರ್, ನಾನು. ದೊಡ್ಡಪ್ಪನೂ ಚಾಷ್ಟಿ ಮಾಡಿ ನಗಾಕಂತ ಬಂದಿದ್ದ. ಅಜ್ಜ ಬಗ್ಗಿ ಒಂದು ಹಿಡಿ ಮಣ್ಣ ತಗೊಂಡ. "ಸೆರಗ ಒಡ್ಡವ್ವ ಗಂಗವ್ವ," ಅಂದ. ಅವ್ವ ಗಾಬರಿಯಾಗಿ ಸೆರಗ ಹಿಡಿದ್ಲು. ಅಜ್ಜ ಆ ಮಣ್ಣ ಅಕಿ ಉಡ್ಯಾಗ ಹಾಕಿ ಹೇಳಿದ:

"ತಗೋ. ಯಾರಿಗೂ ಬ್ಯಾಡಾದ ಹೊಲ, ಇವತ್ತಿಂದ ಇದು ನಿಂದು. ಚಲೋ ಮಾಡ್ಕೊಂಡು ಉಣ್ಣು."

ನಮ್ಮ ಕಡೆ ಹೆಣ್ಮಗಳ ಉಡ್ಯಾಗ ಹಾಕಿದ್ದನ್ನ ತಿರುಗಿ ತಗೊಳ್ಳೂದಿಲ್ಲ. ಅಕ್ಕಿ ಹಾಕಲಿ, ಕೊಬ್ಬರಿ ಬಟ್ಟಲ ಹಾಕಲಿ, ಒಂದು ಹಿಡಿ ಕಡ್ಲಿ ಹಾಕಲಿ, ಹಾಕಿದ ಮ್ಯಾಲೆ ಅದು ಅಕಿದು. ಮನಿ ಮುರದು ಬೀಳೋವಂಥಾ ಜಗಳ ಆದ್ರೂ ಯಾರೂ ಅದಕ್ಕ ಕೈ ಹಚ್ಚೂದಿಲ್ಲ. ಕಾಗದಪತ್ರ ಗೊತ್ತಿಲ್ಲದ ನಮ್ಮವ್ವನಂಥಾವರಿಗೆ ಅದಕ್ಕಿಂತ ದೊಡ್ಡ ಖಾತ್ರಿ ಯಾವುದೂ ಇರಲಿಲ್ಲ. ಅವತ್ತು ಅಕಿ ಆ ಮಣ್ಣನ್ನ ಚೆಲ್ಲದ, ಸೆರಗು ಟೊಂಕಕ್ಕ ಸಿಗಿಸ್ಕೊಂಡು ಮನಿಮಟ ನಡದು ಬಂದು, ತುಳಸಿ ಗಿಡದ ಬುಡಕ್ಕ ಹಾಕಿದ್ಲು. ದಾರಿ ತುಂಬ ಅಕಿ ಮುಖ ಹೊಸ ಮದಲಗಿತ್ತಿ ಮುಖದಂಗ ಆಗಿತ್ತು.

ಸರ್ ಹೇಳಿಕೊಟ್ಟ ಕೆಲಸಕ್ಕ ಚೌಕು ಮಡಿ ಅಂತ ಹೆಸರು. ಮುಂಗಾರ್ಯಾಗ ನಮ್ಮ ಎರಿ ಹೊಲ ಖಾಲಿ ಬಿದ್ದಿರ್ತಾವ, ಜ್ವಾಳ ಬಿತ್ತೋದು ಹಿಂಗಾರಿಗೆ. ಆ ಖಾಲಿ ತಿಂಗಳಿನ್ಯಾಗ ಹೊಲದ ತುಂಬ ಗೇಣೆತ್ತರದ ಬದುವು ಹಾಕಿ ಚೌಕ ಚೌಕ ಮಾಡೋದು. ಬಿದ್ದ ಮಳಿ ಆಯಾ ಚೌಕದಾಗ ನಿಂತು ಅಲ್ಲೇ ಇಂಗತೈತಿ, ಮಣ್ಣೂ ಓಡಿ ಹೋಗೂದಿಲ್ಲ. ಬಿತ್ತೋ ಹೊತ್ತಿಗೆ ಕುಂಟಿ ಹೊಡದು ಸಪಾಟ ಮಾಡಿ ಬಿತ್ತೋದು. ಚೀಲದಾಗ ಬರೋ ಸರಕಾರಿ ಗೊಬ್ಬರ ಕಡಿಮಿ, ತಿಪ್ಪಿಗೊಬ್ಬರ ಜಾಸ್ತಿ. ಕೇಳಾಕ ಸಸಾರ. ಆದ್ರ ದೊಡ್ಡಪ್ಪ ಎತ್ತ ಕೊಡಲಿಲ್ಲ. ಅವ್ವ ಒಬ್ಬಾಕಿನ ಸಲಿಕಿ ಹಿಡದು, ಸರ್ ಹಗ್ಗ ಎಳದು ತೋರಿಸಿದ ಗೆರಿ ಮ್ಯಾಲೆ ಬದುವು ಏರಿಸಿದ್ಲು. ಅಂಗೈಯಾಗ ಗುಳ್ಳಿ ಎದ್ದು ಒಡದು, ಮತ್ತ ಎದ್ದವು. ಆ ಕೈಲೆ ಮನಿಗೆ ಬಂದು ರೊಟ್ಟಿ ಬಡೀತಿದ್ಲು. ದಾರಿಗುಂಟ ಹೋಗೋರು ನಿಂತು "ಏನವಾ ಗಂಗವ್ವ, ಹೊಲದಾಗ ಪಗಡಿ ಹಾಸೀಯಲ್ಲ, ಆಡಾಕ ಯಾರ ಬರ್ತಾರ?" ಅಂತ ಕೇಳೋರು. "ಮಳೆಪ್ಪ ಬರ್ತಾನ್ರಿ," ಅಂತಿದ್ಲು ಅವ್ವ ತಲಿ ಎತ್ತಲಾರದ.

ಮಳೆಪ್ಪ ಬಂದ. ಮೊದಲನೇ ವರ್ಷ ಬಂದವನ ಎಲ್ಲಾ ಬದುವು ಒಡದು ಹಾಕಿ ಹೋದ. ಅವ್ವ ಮತ್ತ ಕಟ್ಟಿದ್ಲು. ಸರ್ ವಾರಕ್ಕೊಮ್ಮೆ ಬರೋರು. ಬಂದಾಗೊಮ್ಮೆ ನಮ್ಮ ಅಡಗಿಮನ್ಯಾಗ ಮಣಿ ಹಾಕ್ಕೊಂಡು ಕುಂತು, ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರ ಉಂಡ ಹೋಗೋರು. ಹೊರಗಿನ ಗಂಡಸು ನಮ್ಮ ಅಡಗಿಮನಿ ಹೊಸ್ತಿಲಾ ದಾಟಿದ್ದು ಅವರೊಬ್ಬರ. "ಅಕ್ಕಾ" ಅಂತಿದ್ರು ಅವ್ವಗ. ಅವರಿಬ್ಬರದೂ ದಿನಾ ವಾದ. ಸರ್ ಅನ್ನೋದು, ಜ್ವಾಳದ ನಡುವ ಬ್ಯಾರೆ ಏನೂ ಬಿತ್ತಬ್ಯಾಡ್ರಿ, ಲೆಕ್ಕ ಕೆಡತೈತಿ ಅಂತ. ಅವ್ವ ಅನ್ನೋದು, ಕುಸುಬಿ ಸಾಲಿಲ್ಲದ ಜ್ವಾಳದ ಹೊಲ ನೋಡಾಕ ಬೋಳ ಬೋಳ ಅಂತ.

"ಅಕ್ಕಾ, ನಾನು ಅಳತೆ ಮಾಡ್ತಿರೋದು ಜೋಳ. ಕುಸುಬೆ ಅಲ್ಲ."

"ನಿಮ್ಮ ಅಳತಿಗೆ ಒಗ್ಗರಣಿ ಹಾಕಾಕ ಎಣ್ಣಿ ಎಲ್ಲಿಂದ ತರ್ಲಿ ಸರ್? ಮುಳ್ಳಿನ ಕುಸುಬಿ ಇದ್ರ ದನಾನೂ ಒಳಗ ಬರೂದಿಲ್ಲ. ನೀವು ಉಣ್ಣೋ ಹಿಂಡಿಗೆ ಹಾಕೋ ಎಣ್ಣಿ ಅದರದ ಐತಿ."

ಸರ್ ತಾಟ ನೋಡ್ಕೊಂಡು ನಕ್ಕು ಬಿಡೋರು. ಕಡೀಕ ಹೊಲದ ಸುತ್ತ ಕುಸುಬಿ, ಒಳಗ ಬರೇ ಜ್ವಾಳ ಅಂತ ಒಪ್ಪಂದ ಆತು. ಅವ್ವ ಅಷ್ಟು ಸಲಗಿಯಿಂದ ಯಾರ ಜೋಡಿನೂ ಮಾತಾಡಿದ್ದನ್ನ ನಾ ನೋಡಿರಲಿಲ್ಲ. ತಮ್ಮನಿಲ್ಲದ ಅಕಿಗೆ ಒಬ್ಬ ತಮ್ಮ ಸಿಕ್ಕಂಗಾಗಿತ್ತು. ನಾಗರ ಪಂಚಮಿಗೆ ಅವರಿಗಂತ ಬ್ಯಾರೆ ಡಬ್ಯಾಗ ಉಂಡಿ ಕಟ್ಟಿ ಇಡತಿದ್ಲು.

ಎರಡನೇ ವರ್ಷ ಜ್ವಾಳ ಎದಿಮಟ ಬಂತು. ಅದರ ಮುಂದಿನ ವರ್ಷ ಅಜ್ಜ ಹೊಲದಾಗ ನಿಂತ್ರ ತಲಿ ರುಂಬಾಲ ಅಷ್ಟ ಕಾಣತಿತ್ತು. ಎಳ್ಳಮವಾಸಿಗೆ ಭೂತಾಯಿಗೆ ಚರಗ ಚೆಲ್ಲಾಕ ಹೋದಾಗ, ಕಡಬು, ಪುಂಡಿಪಲ್ಯಾ, ಬಾನ ಎಲ್ಲಾ ಕಲಿಸಿ ಅಜ್ಜ ದಂಡಿ ಹೊಲದ ನಾಕೂ ಮೂಲಿಗೆ ಚೆಲ್ಲಿದ. ಹಿಂದ ಎಂದೂ ಆ ಹೊಲಕ್ಕ ಚರಗ ಹೋಗಿರಲಿಲ್ಲ. ಎಲ್ಲಾರೂ ಅಲ್ಲೇ ಬದುವಿನ ಮ್ಯಾಲೆ ಉಂಡ್ವಿ. ದೊಡ್ಡಪ್ಪ ಒಂದ ತೆನಿ ಕಿತ್ತು ಅಂಗೈಯಾಗ ತಿಕ್ಕಿ, ಹೊಟ್ಟ ಊದಿ, ಕಾಳ ಬಾಯಾಗ ಹಾಕ್ಕೊಂಡ.  ಅವತ್ತಿನಿಂದ ದಿನಾ ಸಂಜಿಕೆ ಆ ಹೊಲದ ಕಡೆ ಹೋಗಿ ಬರಾಕ ಚಾಲೂ ಮಾಡಿದ. ನಮ್ಮ ಹೊಲ ನೋಡಿ ಅವಗೂ ಖುಷಿಯಾಗೈತಿ ಅಂದ್ಕೊಂಡೆ ನಾ. ಎಂಥಾ ಹುಚ್ಚಿ!

ತೆನಿ ಬಲಿತ ಮ್ಯಾಲೆ ಸರ್ ಅಲ್ಲಿ ಕ್ಷೇತ್ರೋತ್ಸವ ಮಾಡಿದ್ರು. ಹೊಲದಾಗ ಶಾಮಿಯಾನಾ. ಹರ್ತಿ, ಮುಂಡರಗಿ, ಲಕ್ಷ್ಮೇಶ್ವರ ಕಡೆಯಿಂದ ರೈತರು ಟ್ರ್ಯಾಕ್ಟರ್ ತುಂಬ್ಕೊಂಡು ಬಂದ್ರು. ಹೊಲದ ಬಾಯಿಗೆ ಒಂದು ಬೋರ್ಡು ನೆಟ್ಟಿದ್ರು, ಅದರಾಗ ರೈತರ ಹೆಸರು ಅಂತ ಅಜ್ಜನ ಹೆಸರಿತ್ತು. ಮೈಕಿನ್ಯಾಗ ಅಜ್ಜನ್ನ ಕರದು ಶಾಲು ಹೊದಿಸಿದ್ರು. ಅವ್ವ ಎಲ್ಲಿದ್ಲು? ಮನ್ಯಾಗ. ಅಷ್ಟು ಮಂದಿಗೆ ರೊಟ್ಟಿ ಬಡಿಯಾಕ ಬೇಕಲ್ಲ! ನಾ ಮಂದಿ ನಡುವ ನಿಂತು ಜೋರಾಗಿ "ಇದು ನಮ್ಮವ್ವನ ಹೊಲ!" ಅಂತ ಒದರಿದೆ. ಎಲ್ಲಾರೂ ನಕ್ರು. ಅಜ್ಜನೂ ನಕ್ಕ. ನನ್ನ ಹತ್ರ ಎಳ್ಕೊಂಡು, ಆ ಹೊಸ ಶಾಲು ನನ್ನ ತಲಿ ಮ್ಯಾಲೆ ಹಾಕಿ, "ಹೌದ್ರೀ, ನಮ್ಮ ಗುಬ್ಬಿ ಹೇಳೂದು ಖರೆ ಐತಿ. ಇದು ನಮ್ಮ ಗಂಗವ್ವನ ಹೊಲ," ಅಂತ ಎಲ್ಲಾರ ಮುಂದ ಅಂದ. ನಾ ಓಡಿ ಹೋಗಿ ಅವ್ವಗ ಹೇಳಿದೆ. ಬೋರ್ಡಿನ ಸಂಗತಿನೂ ಹೇಳಿದೆ. ಅಕಿ ಹಂಚಿನ ಮ್ಯಾಲಿನ ರೊಟ್ಟಿಗೆ ನೀರ ಹಚ್ಚಿಕೋತ "ಬೋರ್ಡಿನ್ಯಾಗ ಯಾರ ಹೆಸರಿದ್ರೇನ ಬಿಡು, ಹೊಲ ನಮ್ಮದ ಐತಲ್ಲ," ಅಂದ್ಲು.

ರಾಶಿ ಮುಗದು ಕಣ ಖಾಲಿ ಆದ ಮ್ಯಾಲೆ ದೊಡ್ಡಪ್ಪ ಪಾಲು ಕೇಳಿದ. ಇಬ್ಬರು ಅಣ್ಣತಮ್ಮಂದ್ರು, ಎಂದಿದ್ರೂ ಬ್ಯಾರೆ ಆಗೋದ, ಅದರಾಗೇನೂ ತಪ್ಪಿರಲಿಲ್ಲ. ಊರ ಹಿರ್ಯಾರು ನಮ್ಮ ಪಡಸಾಲ್ಯಾಗ ಕಂಬಳಿ ಹಾಸ್ಕೊಂಡು ಕುಂತ್ರು. ಅಪ್ಪ ಪ್ರೆಸ್ಸಿಗೆ ರಜಾ ಹಾಕಿ ಬಂದಿದ್ದ. ಅವತ್ತ ಸರ್ ಬರೋ ವಾರ, ಅವರೂ ಬಂದು ಕಂಬಕ್ಕ ಒರಗಿ ನಿಂತಿದ್ರು. ಹಾಂಡೇವು, ಕೊಡ, ಎತ್ತು, ಎಮ್ಮಿ ಎಲ್ಲಾ ಹಂಚ್ಕೊಂಡ ಮ್ಯಾಲೆ ಹೊಲದ ಮಾತು ಬಂತು. ಕೆರಿ ಕಡೆ ಹೊಲ ಎರಡು ತುಂಡು ಆತು, ಒಬ್ಬೊಬ್ಬರಿಗೆ ಒಂದೊಂದು. ಆಮ್ಯಾಲೆ ಅಜ್ಜ ಯಾರ ಮುಖಾನೂ ನೋಡಲಾರದ ಹೇಳಿದ, ದಂಡಿ ಹೊಲ ದೊಡ್ಡವಗ, ಮರಡಿ ಬುಡದ ಪಟ್ಟಿ ಸಣ್ಣವಗ ಅಂತ. ಮರಡಿ ಪಟ್ಟಿ ಅಂದ್ರ ಗುಡ್ಡದ ಬುಡದ ಬರೇ ಗರಸು ಕಲ್ಲು. ದಂಡಿ ಹೊಲ ಕೆಟ್ಟದ್ದಾಗಿದ್ದಾಗ ಅದರ ಜೋಡಿ ಹೋಲಿಸಾಕ ಇದ್ದದ್ದು ಅದೊಂದ.

ನಡುಮನಿ ಬಾಗಲದಾಗ ಅವ್ವ ಬಂದು ನಿಂತ್ಲು. ತಲಿ ಮ್ಯಾಲೆ ಸೆರಗಿತ್ತು, ಆದ್ರ ದನಿ ನಡುಗತಿರಲಿಲ್ಲ.

"ಮಾವಾರ, ಆ ಹೊಲ ನೀವು ನನ್ನ ಉಡ್ಯಾಗ ಹಾಕೀರಿ."

 ಹಿರ್ಯಾರು ಅಜ್ಜನ ಕಡೆ ನೋಡಿದ್ರು. ಉಡಿ ಅಂದ ಮ್ಯಾಲೆ ಅವರೂ ಹಿಂದ ಮುಂದ ನೋಡಾಕ ಬೇಕಿತ್ತು.  ಅಜ್ಜ ಅವ್ವನ ಕಡೆ ತಿರುಗಿ, ಮೆಲ್ಲಕ, ಸಣ್ಣ ಕೂಸಿಗೆ ತಿಳಿಸಿ ಹೇಳಿದಂಗ ಹೇಳಿದ:

"ನಾ ನಿನ್ನ ಉಡ್ಯಾಗ ಹಾಕಿದ್ದು ಮಣ್ಣವ್ವ. ಒಂದ ಹಿಡಿ ಮಣ್ಣು. ಹೊಲ ಹೆಂಗ ಉಡ್ಯಾಗ ಹಿಡೀತೈತಿ?"

ಒಬ್ಬ ಹಿರಿಯಾ ನಕ್ಕ. ಅವ ನಕ್ಕದ್ದಕ್ಕ ಇನ್ನೊಬ್ಬ ನಕ್ಕ. ಅವ್ವ ನಗಲಿಲ್ಲ. ಕಂಬಕ್ಕ ಒರಗಿದ ಸರ್ ಕಡೆ ತಿರುಗಿದ್ಲು.

"ಸರ್, ನೀವು ಅಲ್ಲೇ ಇದ್ರಿ. ಮಾವಾರು ಏನಂದ್ರು ಅಂತ ಕೇಳೀರಿ. ಅದೊಂದು ಮಾತು ಇವರಿಗೆ ಹೇಳ್ರಿ ಸಾಕು."

ಸರ್ ಮುಖ ಕೆಂಪಾತು. ಕನ್ನಡಕ ತಗದು ಅಂಗಿ ತುದಿಲೆ ಒರಸಿಕೊಂಡ್ರು.

"ಅದು ನಿಮ್ಮ ಮನೆ ವಿಷಯ ಅಕ್ಕಾ. ನಾನು ಹೊರಗಿನವನು. ನಾಳೆ ನಾನು ಇದೇ ಊರಲ್ಲಿ ಕೆಲಸ ಮಾಡಬೇಕು. ಹೊಲ ಯಾರ ಹತ್ರ ಇದ್ರೂ ಒಂದೇ ಮನೆಯಲ್ಲೇ ಇರುತ್ತಲ್ಲ?"

ಒಂದ ಮನ್ಯಾಗ ಇರೂದಿಲ್ಲ, ಆ ಮನಿ ಮುರಿಯಾಕ ಅಂತನ ಅವರೆಲ್ಲಾ ಅಲ್ಲಿ ಕುಂತಿದ್ರು. ಅಷ್ಟೂ ತಿಳೀದ ಮನಷ್ಯಾ ಅಲ್ಲ ಅವರು. ಅವ್ವ ಕಡೀಕ ಅಪ್ಪನ ಕಡೆ ನೋಡಿದ್ಲು. ಅಪ್ಪ ಬಗ್ಗಿ ಉಗುರಸಂದಿ ಶಾಯಿ ಕೆರೀತಿದ್ದ. ನಾ ಹೇಳೋದು ಸುಳ್ಳಲ್ಲ, ಆ ಹೊತ್ತಿನ್ಯಾಗೂ ಅದನ್ನ ಕೆರೀತಿದ್ದ. ಅವ್ವ ಒಳಗ ಹೋದ್ಲು. ಒಲಿ ಊದೋ ಸಪ್ಪಳ ಕೇಳಿಸ್ತು. ಬಂದೋರಿಗೆಲ್ಲಾ ಅಡಗಿ ಆಗಬೇಕಿತ್ತು.

ಅವತ್ತ ಮಧ್ಯಾಹ್ನ ಅಜ್ಜ ಎಂದಿನಂಗ ತಾಟಿನ ಮುಂದ ಕುಂತು "ಎಲ್ಲಿ ಹೋತು ನನ್ನ ಗುಬ್ಬಿ?" ಅಂತ ಕರದ. ನಾ ಅಡಗಿಮನಿ ಮೂಲ್ಯಾಗ ಅವ್ವನ ಬೆನ್ನಿಗೆ ಹತ್ತಿ ಕುಂತಿದ್ದೆ. ಮತ್ತ ಕರದ. ನಾ ಹೋಗಲಿಲ್ಲ. ಅಜ್ಜನ ಎದ್ದು ಬಂದು ಬಾಗಲದಾಗ ನಿಂತ.

"ಯಾಕ, ಹಸಿವಿಲ್ಲೇನು?"

"ನನಗ ಬ್ಯಾರೆ ತಾಟ ಐತಿ," ಅಂದೆ.

ಅವನ ಮುಖ ನೋಡಬೇಕಿತ್ತು ನೀವು. ಅಷ್ಟು ದೊಡ್ಡ ಮನಷ್ಯಾ, ಹೊಡಸ್ಕೊಂಡ ಹುಡುಗನಂಗ ನಿಂತಿದ್ದ. ಆದ್ರೂ ನಾ ಏಳಲಿಲ್ಲ. ಇವತ್ತು ಕೇಳಿದ್ರೂ ನಾ ಮಾಡಿದ್ದ ಬರೋಬ್ಬರಿ ಅಂತೀನಿ. ದೊಡ್ಡಪ್ಪ ಆಸೆಬುರುಕ, ಅದು ಎಲ್ಲಾರಿಗೂ ಗೊತ್ತಿತ್ತು. ಅವನಿಂದ ನಮಗೆ ಮೋಸ ಆಗಲಿಲ್ಲ. ಮೋಸ ಮಾಡಿದವ ನಮ್ಮ ಪರ ಇದ್ದಾಂವ.

ಇನ್ನೊಂದು ಕೇಳ್ರಿ. ಪಡಸಾಲಿ ನಡುವ ಗ್ವಾಡಿ ಎದ್ದ ಮ್ಯಾಲೆ ಅಜ್ಜ ಯಾರ ಕಡೆ ಉಳಕೊಂಡ ಅಂದ್ಕೊಂಡೀರಿ? ನಮ್ಮ ಕಡೆ. "ದೊಡ್ಡಾಕಿ ರೊಟ್ಟಿ ಹಲ್ಲಿಗೆ ಬರೂದಿಲ್ಲ. ಗಂಗವ್ವನ ರೊಟ್ಟಿನ ನನಗ ಬೇಕು," ಅಂತ ಹಾಸಿಗಿ ಸುತ್ಕೊಂಡು ಬಂದುಬಿಟ್ಟ. ಹೊಲ ಅವರಿಗೆ, ಹೊಟ್ಟಿ ನಮಗ. ನಾಚಿಕಿನಾದ್ರೂ ಬ್ಯಾಡೇನ್ರಿ ಮನಷ್ಯಾಗ! ಅವ್ವ ಬ್ಯಾಡ ಅನ್ನಲಿಲ್ಲ. ಕಡೀತನ ಬಿಸಿ ರೊಟ್ಟಿ ಹಾಕಿದ್ಲು, ಮೆತ್ತಗ, ತೆಳ್ಳಗ, ಮೊದಲಿನಂಗ. ಆದ್ರ ಅವನ ಜೋಡಿ ಮಾತು ಎಷ್ಟ ಬೇಕೋ ಅಷ್ಟ. ಅಜ್ಜ ಗ್ವಾಡಿಗೆ ಬೆನ್ನ ಹಚ್ಚಿ ಒಬ್ಬನ ಉಂಡು ಎದ್ದು ಹೋಗತಿದ್ದ.

ಮುಂದಿನ ಮುಂಗಾರಿ ಹತ್ರ ಬಂದಾಗ ಸರ್ ಮತ್ತ ಬಂದ್ರು. ಹೆಗಲ ಮ್ಯಾಲೆ ಹಗ್ಗದ ಸುರುಳಿ, ಕೈಯಾಗ ಗೂಟ. ಅಡಗಿಮನಿಗೆ ಬರಲಿಲ್ಲ, ಕಟ್ಟಿ ಮ್ಯಾಲೆ ಅಜ್ಜನ ಮಗ್ಗಲದಾಗ ಕುಂತ್ರು. ನಾನೂ ಅವ್ವನೂ ಅಂಗಳದಾಗ ಜ್ವಾಳ ಹಸನ ಮಾಡಾಕತ್ತಿದ್ವಿ.

"ಅಕ್ಕಾ, ನನಗೂ ಬೇಜಾರಾಗಿದೆ. ಆದ್ರೆ ನಿಮ್ಮ ಕೈಯಲ್ಲಿ ವಿದ್ಯೆ ಇದೆಯಲ್ಲ, ಅದನ್ನ ಯಾರೂ ಕಿತ್ಕೊಳ್ಳೋಕಾಗಲ್ಲ. ಮರಡಿ ಪಟ್ಟಿ ನೋಡ್ಕೊಂಡು ಬಂದೆ. ಅದನ್ನೂ ಹಂಗೇ ಸರಿ ಮಾಡಬಹುದು. ಮತ್ತೆ ಶುರು ಮಾಡೋಣ್ವಾ?"

ಅವ್ವ ಮೊರದಾಗಿನ ಜ್ವಾಳ ಕೇರೋದನ್ನ ನಿಲ್ಲಿಸಲಿಲ್ಲ.

"ಮಾಡೋಣ್ರಿ. ಅದೂ ಚಲೋ ಆದ್ರ ಅದನ್ನ ಯಾರಿಗೆ ಕೊಡ್ತಾರಂತ ಮೊದ್ಲ ನಿಮ್ಮ ಮಗ್ಗಲದಾಗ ಕುಂತೋರನ್ನ ಕೇಳ್ರಿ ಸರ್. ಕೇಳಿ ನನಗ ಹೇಳ್ರಿ. ಆಮ್ಯಾಲೆ ಸಲಿಕಿ ಹಿಡೀತೀನಿ."

ಸರ್ ಅಜ್ಜನ ಕಡೆ ನೋಡಿದ್ರು. ಅಜ್ಜ ಬೀದಿ ಕಡೆ ನೋಡಿದ. ಸರ್ ಚಾ ಕುಡದು, ಹಗ್ಗ ಹೆಗಲಿಗೆ ಹಾಕ್ಕೊಂಡು ಹೋದ್ರು. ಅಲ್ಲಿಂದ ಎದ್ದು ಸೀದಾ ಹೋಗಿದ್ದು ಗ್ವಾಡಿ ಆಚೆ, ದೊಡ್ಡಪ್ಪನ ಕಡೆ.

ದೊಡ್ಡಪ್ಪ ದಂಡಿ ಹೊಲದಾಗ ಚೌಕು ಮಡಿ ಮುಂದುವರಿಸಿದ, ಈಗ ಎತ್ತೂ ಸಿಕ್ಕವು. ಹೆಸರವಾಸಿ ರೈತ ಆದ. ಶಿರಹಟ್ಟಿ, ಲಕ್ಷ್ಮೇಶ್ವರಕ್ಕೆಲ್ಲಾ ಕರಸ್ಕೊಂಡು ಹೋಗಿ ಭಾಷಣ ಮಾಡಿಸಿದ್ರು. ಅವನ್ನ ನೋಡಿ ಹತ್ತಾರು ಮಂದಿ ತಮ್ಮ ಹೊಲದಾಗೂ ಮಾಡ್ಕೊಂಡ್ರು. ಹಳ್ಳಕ್ಕ ಓಡೋ ಮಣ್ಣು ನಿಂತಿತು. ಸಣ್ಣ ಹೊಲದವರ ಮನ್ಯಾಗೂ ವರ್ಷದ ಜ್ವಾಳ ಆತು. ಇದನ್ನ ನಾ ಖರೇನ ಒಪ್ಕೋತೀನಿ. ಸರ್ ಕಲಿಸಿದ್ರಾಗ ಸುಳ್ಳಿರಲಿಲ್ಲ. ಸುಳ್ಳಿದ್ದಿದ್ರ ನನಗ ಇಷ್ಟು ಸಂಕಟ ಆಗತಿರಲಿಲ್ಲ. ಖರೇ ಇತ್ತು, ಅದಕ್ಕ ಕಸಗೊಂಡ್ರು.

ಅವ್ವ ಮರಡಿ ಪಟ್ಟಿಯನ್ನ ಕೆಟ್ಟದ್ದ ಇಟ್ಲು. ಬೇಕಂತ ಇಟ್ಲು. ಹೆಂಗ ಸುಧಾರಿಸಬೇಕು ಅಂತ ಊರಾಗ ಎಲ್ಲಾರಕ್ಕಿಂತ ಚಲೋ ಗೊತ್ತಿದ್ದಾಕಿ, ಮಳಿ ಬಂದಾಗ ಬಾಗಲದಾಗ ನಿಂತು ಮರಡಿ ಕಡೆಯಿಂದ ಕೆಂಪ ನೀರು ಇಳಿದು ಹೋಗೋದನ್ನ ಸುಮ್ಮನ ನೋಡತಿದ್ಲು. ಅಳತಿರಲಿಲ್ಲ. ನಾ ದೊಡ್ಡಾಕಿ ಆದಂಗ ಜಗಳ ತಗೀತಿದ್ದೆ, ನಾವ ಇಬ್ಬರೂ ಕೂಡಿ ಮಡಿ ಕಟ್ಟೋಣ ಬಾ ಅಂತ. "ಚಲೋ ಇದ್ದದ್ದು ಮಂದಿ ಕಣ್ಣಿಗೆ ಬೀಳ್ತೈತಿ. ಕೆಟ್ಟದ್ದ ಇರ್ಲಿ, ನಮ್ಮದಾಗಿ ಇರ್ಲಿ," ಅಂತಿದ್ಲು. ಆ ಮಾತು ನನ್ನ ಮೈಯಾಗ ಹೆಂಗ ಇಳೀತಂದ್ರ, ಸಾಲ್ಯಾಗ ಪಹಿಲೆ ನಂಬರ ಬಂದ್ರ ಮನ್ಯಾಗ ಹೇಳತಿರಲಿಲ್ಲ. ಲಗ್ನಾದ ಮ್ಯಾಲೂ ಚಲೋ ಸೀರಿ ಟ್ರಂಕಿನ ತಳಕ್ಕಿಟ್ಟು ಹಳೇದ ಉಡತಿದ್ದೆ. ಮಾಸ್ತರಕಿ ನೌಕರಿ ಸಿಕ್ಕಾಗ ಅತ್ತಿಮನ್ಯಾಗ "ಏನೋ ಸಣ್ಣ ಕೆಲಸ" ಅಂದೆ. ನನ್ನ ಮಗಳು ಹಾಡಿದ್ರ ಯಾರರ ಹೊಗಳಿದ ಕೂಡ್ಲೆ ಅಕಿನ್ನ ಒಳಗ ಕರೀತಿದ್ದೆ. ಅಕಿ ಈಗ ದೊಡ್ಡಾಕ್ಯಾಗಿ ನನಗ ಬೈತಾಳ. ಬೈಲಿ.

ಅಜ್ಜ ಹೋದ, ದೊಡ್ಡಪ್ಪ ಹೋದ, ಅಪ್ಪನೂ ಹೋದ. ದಂಡಿ ಹೊಲ ದೊಡ್ಡಪ್ಪನ ಮಕ್ಕಳು ಮಾರಿದ್ರು, ಈಗ ಅಲ್ಲಿ ಕರೆಂಟ ತಯಾರಸೋ ಗಾಳಿಪಂಕದ ಕಂಬ ನಿಂತೈತಿ. ಮರಡಿ ಪಟ್ಟಿ ಅವ್ವನ ಹೆಸರಿಗೆ ಬಂದೈತಿ, ಪಹಣಿ ಉತಾರದಾಗ ಅಕಿ ಹೆಸರ ಐತಿ. ಅವ್ವ ಮುಂಡರಗ್ಯಾಗ ನನ್ನ ಜೋಡಿ ಇರ್ತಾಳ. ಈ ವರ್ಷ ಮಳಿಗಾಲಕ್ಕ ಮೊದ್ಲ ಒಬ್ಬಾಕಿ ಹುಡುಗಿ ಸ್ಕೂಟಿ ಮ್ಯಾಲೆ ನಮ್ಮ ಮನಿಗೆ ಬಂದ್ಲು. ಅಕಿನೂ ಅಂಥಾದ ಒಂದು ಸಂಶೋಧನಾ ಕೇಂದ್ರದಾಕಿ, ನಮ್ಮ ಕಡೆ ಮಾತಿನಾಕಿ, ಬಾಳ ಚೂಟಿ. ಫೋನಿನ್ಯಾಗ ನಮ್ಮ ಹೊಲದ ಚಿತ್ರ ತೋರಿಸಿ, "ಮೇಡಮ್ಮಾರ, ನಿಮ್ಮ ಮಣ್ಣೆಲ್ಲಾ ಹರದ ಹೊಂಟೈತ್ರಿ. ಚೌಕು ಮಡಿ ಮಾಡಿದ್ರ ಜ್ವಾಳ ಭಾರೀ ಬರತೈತಿ. ಬೋರ್ಡು ಹಾಕ್ತೀವ್ರಿ, ಉತಾರದಾಗ ಯಾರ ಹೆಸರೈತೋ ಅವರದ ಹೆಸರ ಬರೀತೀವ್ರಿ," ಅಂದ್ಲು. ನಾ ಎದ್ದು ನಿಂತ ಬಿಟ್ಟೆ. "ನಮ್ಮವ್ವನ ಹೆಸರು ಬರೀರಿ. ದೊಡ್ಡ ಅಕ್ಷರದಾಗ ಬರೀರಿ," ಅಂದೆ. ಇಷ್ಟು ವರ್ಷದ ಉರಿಗೆ ಇವತ್ತ ನೀರ ಬೀಳತೈತಿ ಅನಿಸ್ತು. ರವಿವಾರ ಅವ್ವನ್ನ ಆಟೋದಾಗ ಕುಂಡ್ರಿಸ್ಕೊಂಡು ಹೊಲಕ್ಕ ಕರ್ಕೊಂಡು ಹೋದೆ. ಹುಡುಗಿ ಗೂಟ ಬಡದು ಹಗ್ಗ ಎಳಿಯಾಕ ನಿಂತಿದ್ಲು.

ಅವ್ವ ಆಟೋ ಇಳಿದಾಕಿನ ಹಗ್ಗ ನೋಡಿದ್ಲು. ಕೋಲ ಊರಿಕೋತ ಹೋಗಿ, ಬಗ್ಗಿ, ಮೊದಲನೇ ಗೂಟ ಕಿತ್ತು ಕೈಯಾಗ ಹಿಡ್ಕೊಂಡ್ಲು.

"ಬ್ಯಾಡ ತಂಗಿ. ಇದು ಹಿಂಗ ಇರ್ಲಿ. ಚಲೋ ಆದ್ರ ತಗೋತಾರ."

"ಯಾರ ತಗೋತಾರಬೇ?" ಅಂದೆ ನಾ. ನನಗ ಸಿಟ್ಟೂ ಬಂತು, ಅಳೂನೂ ಬಂತು. "ಅಜ್ಜ ಇಲ್ಲ, ದೊಡ್ಡಪ್ಪ ಇಲ್ಲ, ಅಪ್ಪ ಇಲ್ಲ. ಎಲ್ಲಾರೂ ಮಣ್ಣಾಗಿ ಹೋದ್ರು. ಉತಾರ ನಿನ್ನ ಹೆಸರಿಗೈತಿ. ಇನ್ನ ತಗೊಳ್ಳಾಕ ಯಾರ ಉಳದಾರ ಹೇಳು ನೋಡೋಣ?"

ಅವ್ವ ನನ್ನ ಮುಖಾನ ನೋಡಿದ್ಲು.  ಸಿಟ್ಟಿರಲಿಲ್ಲ, ದನಿ ಏರಲಿಲ್ಲ.

"ನೀ ಅದೀಯಲ್ಲ," ಅಂದ್ಲು.